ಶಿವಮೊಗ್ಗದಲ್ಲಿ ಯಾವ ಬಾರ್‌ಗೆ ಹೋಗಬಹುದು, ಯಾವುದನ್ನು ಬಿಡಬೇಕು?

ಪ್ರಶ್ನೆ: ವರ್ಗವಾಗಿ ಶಿವಮೊಗ್ಗಕ್ಕೆ ಬಂದಿದ್ದೇನೆ. ವಾರಕ್ಕೊಮ್ಮೆ ನಾಲ್ಕು ಜನ ಸೇರುತ್ತೇವೆ. ಒಬ್ಬ ಬಿಯರ್ ಮಾತ್ರ ಕುಡಿಯುತ್ತಾನೆ, ಒಬ್ಬನಿಗೆ ಮೀನಿಲ್ಲದೆ ಆಗುವುದಿಲ್ಲ, ಇನ್ನೊಬ್ಬ ಕುಡಿಯುವುದೇ ಇಲ್ಲ. ಬಸ್ ಸ್ಟ್ಯಾಂಡ್ ಸುತ್ತಲಿನ ಹಳೇ ಬಾರ್‌ಗಳೂ ಇವೆ, ಪಬ್, ಲೌಂಜ್ ಅಂತ ಹೊಸ ಬೋರ್ಡ್ ಹಾಕಿದವೂ ಇವೆ. ಎರಡು ಕಡೆ ಬಿಲ್ ವಿಷಯಕ್ಕೆ ಜಗಳವಾಯಿತು, ಒಂದು ಕಡೆ ತಿಂದು ಹೊಟ್ಟೆ ಕೆಟ್ಟಿತು. ದುಡ್ಡು ಸುರಿಯುವ ಮೊದಲೇ ಗುರುತು ಹಿಡಿಯುವುದು ಹೇಗೆ?

ಉತ್ತರ: ಇಂಥ ಬಾರ್‌ಗೇ ಹೋಗಿ ಅಂತ ಹೆಸರು ಹೇಳಿದರೆ ಆರು ತಿಂಗಳಲ್ಲಿ ಆ ಮಾತು ಹಳಸುತ್ತದೆ. ಬೋರ್ಡ್ ಅದೇ ಇರುತ್ತದೆ, ಅಡುಗೆಯವನು ಬದಲಾಗಿರುತ್ತಾನೆ. ಅಲ್ಲಿಗೆ ಅದು ಬೇರೆ ಬಾರ್. ಹಾಗಾಗಿ ನೋಡುವ ಬಗೆ ಹೇಳುತ್ತೇನೆ. ನೋಡಬೇಕಾದ್ದು ಮುಖ್ಯವಾಗಿ ಎರಡೇ: ಅಲ್ಲಿ ಮಾಲು ಓಡುತ್ತದೆಯೇ, ಮತ್ತು ಬಾಟಲಿ ನಿಮ್ಮ ಕಣ್ಣೆದುರೇ ಬಿಚ್ಚುತ್ತಾರೆಯೇ. ಲೈಟು, ಸೋಫಾ, ಗೋಡೆಯ ಮೇಲಿನ ಇಂಗ್ಲಿಷ್ ಬರಹ ಇವಕ್ಕೆಲ್ಲ ಅರ್ಧ ಅಂಕ ಕೊಟ್ಟರೂ ಜಾಸ್ತಿಯೇ.

ಮೊದಲು ಲೈಸೆನ್ಸ್ ಲೆಕ್ಕ, ಏಕೆಂದರೆ ನಿಮ್ಮ ಬಿಲ್ ಜಗಳದ ಬೇರು ಅಲ್ಲೇ ಇರುವಂತಿದೆ. ನಮ್ಮಲ್ಲಿ ವೈನ್ ಶಾಪ್‌ಗೆ ಇರುವುದು ಸಿ.ಎಲ್.-2 ಲೈಸೆನ್ಸ್. ರಾಜ್ಯ ಸರ್ಕಾರದ್ದೇ ಆದ ಎಂ.ಎಸ್.ಐ.ಎಲ್. ಮಳಿಗೆಗಳದ್ದು ಸಿ.ಎಲ್.-11ಸಿ. ಇವೆರಡೂ ಎಂ.ಆರ್.ಪಿ.ಗೇ ಮಾರಬೇಕು, ಅಲ್ಲೇ ನಿಂತು ಕುಡಿಯಲು ಬಿಡಬಾರದು. ಬಾರ್ ಅಂಡ್ ರೆಸ್ಟೋರೆಂಟ್‌ನದು ಸಿ.ಎಲ್.-9, ಲಾಡ್ಜ್ ಜೊತೆಗಿರುವ ಬಾರ್‌ನದು ಸಿ.ಎಲ್.-7. ಇಲ್ಲಿ ಕೂತು ಕುಡಿಯುವುದಕ್ಕೆ ಎಂ.ಆರ್.ಪಿ.ಗಿಂತ ಹೆಚ್ಚು ಹಾಕುತ್ತಾರೆ. ‘ಬಾಟಲಿ ಮೇಲೆ ಇಷ್ಟೇ ಬರೆದಿದೆಯಲ್ಲ’ ಅಂತ ಸಿ.ಎಲ್.-9ರಲ್ಲಿ ವಾದಿಸಿ ಫಲವಿಲ್ಲ. ಅದೇ ವೈನ್ ಶಾಪ್ ಹಿಂದಿನ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಲೋಟ ಕೊಟ್ಟು, ಬಾಟಲಿಗೆ ಹತ್ತಿಪ್ಪತ್ತು ಜಾಸ್ತಿ ಕೇಳಿದರೆ ಅಲ್ಲಿ ತಪ್ಪು ಎರಡು. ಅಂಥ ಕಡೆ ರುಚಿ, ಶುಚಿ ಅಂತ ಹುಡುಕಲೂ ಹೋಗಬೇಡಿ.

ಬಾರ್‌ನ ರೇಟು ಏರಿಯಾದಿಂದ ಏರಿಯಾಕ್ಕಷ್ಟೇ ಅಲ್ಲ, ಒಂದೇ ಕಟ್ಟಡದಲ್ಲೂ ಬದಲಾಗುತ್ತದೆ. ಕೆಳಗೆ ಸಾದಾ ಹಾಲ್‌ಗೆ ಒಂದು, ಎ.ಸಿ. ಹಾಲ್‌ಗೆ ಒಂದು, ಫ್ಯಾಮಿಲಿ ರೂಮ್‌ಗೆ ಇನ್ನೊಂದು. ಇದು ಮೋಸವಲ್ಲ, ಆದರೆ ಮೆನು ಕಾರ್ಡ್‌ನಲ್ಲಿ ಬರೆದಿರಬೇಕು. ಕಾರ್ಡ್ ಕೇಳಿದಾಗ ಸಪ್ಲೈಯರ್ ‘ಏನ್ ಬೇಕು ಹೇಳಿ ಸಾರ್, ಎಲ್ಲಾ ಇದೆ’ ಅಂದರೆ ಎದ್ದು ಬರುವುದಕ್ಕೆ ಅದೊಂದೇ ಸಾಕು. ಎಲ್ಲಾ ಇರುವ ಅಡುಗೆಮನೆ ಯಾವುದೂ ಇಲ್ಲ.

ಬಿಲ್ ಬಂದ ಮೇಲೆ ಮೂರು ಕಡೆ ಕಣ್ಣಾಡಿಸಿ. ಮದ್ಯಕ್ಕೆ ಜಿ.ಎಸ್.ಟಿ. ಇಲ್ಲ. ಊಟ, ತಿಂಡಿ, ಸೋಡಾಗಳಿಗೆ ಇಂಥ ರೆಸ್ಟೋರೆಂಟ್‌ಗಳಲ್ಲಿ ಸಾಮಾನ್ಯವಾಗಿ 5 ಪರ್ಸೆಂಟ್. ವಿಸ್ಕಿ, ಬಿಯರ್ ಸೇರಿಸಿ ಒಟ್ಟು ಮೊತ್ತದ ಮೇಲೆ 5 ಪರ್ಸೆಂಟ್ ಎಳೆದಿದ್ದರೆ ತೆಗೆಸಿ. ಎರಡನೆಯದು ಸರ್ವೀಸ್ ಚಾರ್ಜ್. ಅದನ್ನು ಕೇಳದೆ ಬಿಲ್‌ಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಹೊಸ ಲೌಂಜ್‌ಗಳಲ್ಲಿ ಇದು ಬಿಲ್‌ನ ಕೊನೆ ಸಾಲಿನಲ್ಲಿ ಸಣ್ಣದಾಗಿ ಕೂತಿರುತ್ತದೆ. ಮೂರನೆಯದು ನೀರಿನ ಬಾಟಲಿ. ಕೂತು ತಿನ್ನುವ ಜಾಗದಲ್ಲಿ ಎಂ.ಆರ್.ಪಿ.ಗಿಂತ ಹೆಚ್ಚು ತೆಗೆದುಕೊಳ್ಳಬಹುದೆಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿರುವುದರಿಂದ ಅದಕ್ಕೆ ಜಗಳ ಬೇಡ. ಕೇಳದೆ ಟೇಬಲ್ ಮೇಲೆ ತಂದಿಟ್ಟ ಬಾಟಲಿಯನ್ನು ಬಿಚ್ಚುವ ಮುಂಚೆಯೇ ವಾಪಸ್ ಕಳಿಸಿದರಾಯಿತು. ಕೈಬರಹದ ಚೀಟಿಯಲ್ಲಿ ಬರೀ ಒಟ್ಟು ಮೊತ್ತ ಬರೆದು ಕೊಟ್ಟರೆ ಪ್ರಿಂಟೆಡ್ ಬಿಲ್ ಕೇಳಿ. ಬಿಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನಂಬರ್ ಇರಲೇಬೇಕು. ಆ ನಂಬರ್ ಇಲ್ಲದ ಬಾರ್‌ನ ಅಡುಗೆಮನೆ ಹೇಗಿರುತ್ತದೋ ನೀವೇ ಊಹಿಸಿ.

ಇನ್ನು ಪೆಗ್. ಸ್ಮಾಲ್ ಅಂದರೆ 30 ಎಂ.ಎಲ್., ಲಾರ್ಜ್ ಅಂದರೆ 60. 750 ಎಂ.ಎಲ್. ಫುಲ್ ಬಾಟಲಿಯಲ್ಲಿ 12 ಲಾರ್ಜ್ ಎದ್ದು 30 ಎಂ.ಎಲ್. ಉಳಿಯಬೇಕು. ಪ್ರತಿ ಲಾರ್ಜ್‌ನಲ್ಲಿ ಬರೀ 5 ಎಂ.ಎಲ್., ಅಂದರೆ ಒಂದು ಟೀ ಚಮಚ ಕಡಿಮೆ ಹಾಕಿದರೂ 13 ಲಾರ್ಜ್ ಎದ್ದು ಇನ್ನೂ 35 ಎಂ.ಎಲ್. ಮಿಗುತ್ತದೆ. ಕುಡಿಯುವವನಿಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಗ್ಲಾಸು ಒಳಗಿಂದ ಐಸ್ ತುಂಬಿಕೊಂಡೇ ಬಂದಿರುತ್ತದೆ. ಅಳತೆ ಕಪ್ಪನ್ನು ಓರೆ ಹಿಡಿದು ತುಂಬುವುದು, ತುಂಬುವ ಮೊದಲೇ ಬಗ್ಗಿಸುವುದು ಹಳೇ ಕೈಚಳಕಗಳು. ಅದಕ್ಕೇ ‘ಐಸ್ ಬೇರೆ, ಎಣ್ಣೆ ಬೇರೆ, ಇಲ್ಲೇ ಅಳೆದು ಹಾಕಿ’ ಅಂತ ಮೊದಲ ರೌಂಡಿಗೇ ಹೇಳಬೇಕು. ಒಳ್ಳೆ ಬಾರ್‌ನವನು ಮುಖ ಸಿಂಡರಿಸದೆ ಬಾಟಲಿ, ಅಳತೆ ಕಪ್ ಎರಡನ್ನೂ ಟೇಬಲ್‌ಗೆ ತರುತ್ತಾನೆ.

ಇದಕ್ಕಿಂತ ಸುಲಭದ ದಾರಿ ಕ್ವಾಟರ್. 180 ಎಂ.ಎಲ್. ಅಂದರೆ ಸರಿಯಾಗಿ ಮೂರು ಲಾರ್ಜ್. ಇಬ್ಬರು ಒಂದೇ ಬ್ರ್ಯಾಂಡ್ ಕುಡಿಯುವುದಾದರೆ ಸೀಲ್ ಇರುವ ಕ್ವಾಟರ್ ತರಿಸಿ, ನೀವೇ ಹಂಚಿಕೊಳ್ಳಿ. ಅಳತೆಯ ಅನುಮಾನವೂ ಇಲ್ಲ, ಒಂದು ಬ್ರ್ಯಾಂಡ್ ಕೇಳಿ ಇನ್ನೊಂದು ಕುಡಿಯುವ ಪಾಡೂ ಇಲ್ಲ. ಮುಚ್ಚಳದ ಮೇಲಿಂದ ಅಂಟಿಸಿರುವ ಅಬಕಾರಿ ಲೇಬಲ್ ಹರಿಯದೆ ಇರಬೇಕು, ಅದು ನಿಮ್ಮೆದುರೇ ಹರಿಯಬೇಕು. ಮುಚ್ಚಳ ತಿರುಗಿಸಿದಾಗ ಉಂಗುರ ಕಳಚಿಕೊಳ್ಳುವ ‘ಟಕ್’ ಕೇಳಿಸಬೇಕು. ದುಬಾರಿ ಬ್ರ್ಯಾಂಡಿನ ಬಾಟಲಿಯಲ್ಲಿ ಅಗ್ಗದ್ದು ತುಂಬುವ ಕೆಲಸ ನಡೆಯುವುದು ಬಿಚ್ಚಿಟ್ಟ ಫುಲ್‌ಗಳಲ್ಲೇ. ಅದರಲ್ಲೂ ಆ ಬಾರ್‌ನಲ್ಲಿ ಯಾರೂ ಕೇಳದ, ಶೋಕೇಸಿನಲ್ಲಿ ಧೂಳು ಹಿಡಿದು ಕೂತ ಸ್ಕಾಚ್‌ನ ಬಗ್ಗೆ ಹುಷಾರು.

ಬಿಯರ್ ಕುಡಿಯುವ ಗೆಳೆಯನಿಗೆ ನಮ್ಮ ಮಲೆನಾಡಿನಲ್ಲಿ ಒಂದು ವಿಶೇಷ ತೊಂದರೆ ಇದೆ. ಬಿಯರ್ ಓಡುವುದು ಮಾರ್ಚ್‌ನಿಂದ ಮೇ ತನಕ. ಜೂನ್‌ನಲ್ಲಿ ಮಳೆ ಹಿಡಿದರೆ ಜನ ರಮ್, ಬ್ರಾಂದಿ ಕಡೆ ತಿರುಗುತ್ತಾರೆ, ಬೇಸಿಗೆಗೆ ತುಂಬಿಸಿಟ್ಟ ಕೇಸುಗಳು ಗೋಡೌನ್‌ನಲ್ಲೇ ಉಳಿಯುತ್ತವೆ. ಆಗಸ್ಟ್‌ನಲ್ಲಿ ನಿಮಗೆ ಸಿಗುವುದು ಅದೇ ಬಿಯರ್. ಲೇಬಲ್‌ನಲ್ಲಿ ತಯಾರಾದ ತಿಂಗಳು ನೋಡಿ. ಬಾಟಲಿ ಬಿಯರ್‌ಗೆ ಸಾಮಾನ್ಯವಾಗಿ ಆರು ತಿಂಗಳ ಆಯಸ್ಸು ಬರೆದಿರುತ್ತಾರೆ. ನಾಲ್ಕು ತಿಂಗಳು ದಾಟಿದ್ದರೆ ಬದಲಿಸಲು ಹೇಳಿ. ಹಳೆಯದಾದ ಬಿಯರ್‌ಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ, ಆಮ್ಲಜನಕ ಸೇರಿ ಆಗುವ ಕೆಲಸ ಅದು. ಬಿಸಿಲಿಗೋ ಟ್ಯೂಬ್‌ಲೈಟಿಗೋ ಒಡ್ಡಿದ್ದರೆ ಬೇರೆಯದೇ ನಾತ. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಂಶ ಬೆಳಕಿಗೆ ಒಡೆದು ಗಂಧಕದ ವಾಸನೆ ಹುಟ್ಟುತ್ತದೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಬಾಟಲಿ ಅಷ್ಟಾಗಿ ತಡೆಯುವುದಿಲ್ಲ. ಗಾಜಿನ ಬಾಗಿಲಿನ ಫ್ರಿಜ್‌ನಲ್ಲಿ, ಮುಂದಿನ ಸಾಲಿನಲ್ಲಿ, ದಿನವಿಡೀ ಲೈಟಿನ ಕೆಳಗೆ ನಿಂತ ಹಸಿರು ಬಾಟಲಿ ಬೇಡ, ಹಿಂದಿನ ಸಾಲಿನದು ಕೊಡಿ ಅನ್ನಿ.

ತಣ್ಣಗಿರುವುದು ಬೇಕು, ಹೆಪ್ಪುಗಟ್ಟಿದ್ದು ಬೇಡ. 4ರಿಂದ 7 ಡಿಗ್ರಿ ಸರಿ. ಡೀಪ್ ಫ್ರೀಜರಿಗೆ ಹಾಕಿ ಮರೆತು, ಒಳಗೆ ಐಸ್ ಕಟ್ಟಿದ ಬಾಟಲಿ ತಂದು ‘ಫುಲ್ ಚಿಲ್ಡ್ ಸಾರ್’ ಅಂತಾರೆ. ಬಿಚ್ಚಿದೊಡನೆ ನೊರೆ ಉಕ್ಕಿ ಗ್ಯಾಸೆಲ್ಲ ಹೋಗುತ್ತದೆ, ಕರಗಿದ ಮೇಲೆ ತಳದಲ್ಲಿ ಬಿಳಿ ಚೂರು ತೇಲುತ್ತವೆ, ಕುಡಿದರೆ ಸಪ್ಪೆ. ಅದು ಮತ್ತೆ ಸರಿಹೋಗುವುದಿಲ್ಲ, ವಾಪಸ್ ಕೊಡಿ. ಕೆಗ್‌ನಿಂದ ಹಿಡಿದು ಕೊಡುವ ಡ್ರಾಟ್ ಬಿಯರ್ ಇದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ಪೈಪ್ ಯಾವಾಗ ತೊಳೆದಿರಿ? ಎರಡು ವಾರಕ್ಕೊಮ್ಮೆ ತೊಳೆಯದಿದ್ದರೆ ಒಳಗೆ ಯೀಸ್ಟ್, ಬ್ಯಾಕ್ಟೀರಿಯಾ ಪಾಚಿಯಂತೆ ಕಟ್ಟಿಕೊಂಡು ಬಿಯರ್ ಹುಳಿಯಾಗುತ್ತದೆ, ಬೆಣ್ಣೆಯ ವಾಸನೆ ಬರುತ್ತದೆ. ವಾರದ ನಡುವೆ ಖಾಲಿ ಹೊಡೆಯುವ ಲೌಂಜ್‌ನಲ್ಲಿ ಡ್ರಾಟ್ ಬೇಡವೇ ಬೇಡ, ಬಾಟಲಿಗೆ ಅಂಟಿಕೊಳ್ಳಿ.

ಗ್ಲಾಸಿನ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ಇಡೀ ಬಾರ್‌ನ ಜಾತಕ ಅಲ್ಲಿದೆ. ಖಾಲಿ ಗ್ಲಾಸು ಬಂದ ಕೂಡಲೇ ಮೂಗಿಗೆ ಹಿಡಿಯಿರಿ. ಮೊಟ್ಟೆ ವಾಸನೆಯೋ ಮೀನಿನ ವಾಸನೆಯೋ ಬಂದರೆ, ಹಿಂದೆ ಎಗ್ ಬುರ್ಜಿ ತಟ್ಟೆ ತೊಳೆದ ತೊಟ್ಟಿಯಲ್ಲೇ, ಅದೇ ನೀರಲ್ಲೇ ಗ್ಲಾಸೂ ಅದ್ದಿ ತೆಗೆದಿದ್ದಾರೆ ಅಂತ ಅರ್ಥ. ಬಿಯರ್ ಹಾಕಿದಾಗ ಗುಳ್ಳೆಗಳು ತಳದಿಂದ ಮೇಲಕ್ಕೆ ಏಳಬೇಕು. ಗೋಡೆಗೆ ಅಲ್ಲಲ್ಲಿ ಗುಂಪಾಗಿ ಅಂಟಿಕೊಂಡು ನಿಂತರೆ ಅಲ್ಲಿ ಜಿಡ್ಡು ಉಳಿದಿದೆ. ಜಿಡ್ಡಿದ್ದ ಗ್ಲಾಸಿನಲ್ಲಿ ನೊರೆ ನಿಲ್ಲುವುದಿಲ್ಲ, ಅರ್ಧ ನಿಮಿಷದಲ್ಲಿ ಇಳಿದುಹೋಗುತ್ತದೆ. ಜನ ಬಿಯರ್ ಹಳೆಯದು ಅಂತ ಬೈಯುತ್ತಾರೆ, ತಪ್ಪು ತೊಟ್ಟಿಯದು. ಒಣಗಿದ ಗ್ಲಾಸಿನ ಒಳಗೆ ಬಟ್ಟೆ ತುರುಕಿ ಒರೆಸುವುದನ್ನು ಕಂಡರೆ ಆ ಬಟ್ಟೆಯ ಬಣ್ಣವನ್ನೂ ಒಮ್ಮೆ ನೋಡಿ. ಒಳ್ಳೆ ಕಡೆ ಗ್ಲಾಸುಗಳನ್ನು ತಂತಿ ಜಾಲರಿಯ ಮೇಲೆ ಬೋರಲು ಹಾಕಿ, ಹರಿಯುವ ನೀರಲ್ಲಿ ಇನ್ನೊಮ್ಮೆ ಜಾಲಿಸಿ ಕೊಡುತ್ತಾರೆ.

ಐಸ್‌ಗೂ ಇದೇ ಮಾತು. ತಿನ್ನಲು ಬಾರದ, ಮೀನು ಸಾಗಿಸಲು ಬಳಸುವ ಐಸ್‌ಗೆ ನೀಲಿ ಬಣ್ಣ ಹಾಕಬೇಕೆಂದು 2018ರಿಂದ ನಿಯಮವಿದೆ. ಹಾಕದವರೂ ಇದ್ದಾರೆ. ನಡುವೆ ತೂತಿರುವ ಅಥವಾ ಅಚ್ಚುಕಟ್ಟಾದ ಚೌಕದ ತುಂಡುಗಳು ಮೆಷಿನ್‌ನವು. ದೊಡ್ಡ ಗಡ್ಡೆಯನ್ನು ಗೋಣಿ ಸುತ್ತಿ ಕುಟ್ಟಿದ ಅಡ್ಡಾದಿಡ್ಡಿ ಚೂರು ಬಂದರೆ ಐಸ್ ಬೇಡ, ತಣ್ಣನೆ ಸೋಡಾ ಸಾಕು ಅನ್ನಿ. ಮಳೆಗಾಲದಲ್ಲಿ ಐಸ್ ಯಾರಿಗೆ ಬೇಕು ಬಿಡಿ. ರಮ್‌ಗೆ ಬಿಸಿನೀರು, ಎರಡು ಲವಂಗ, ಅರ್ಧ ಲಿಂಬೆ ಕೇಳಿ ನೋಡಿ: ಫ್ಲಾಸ್ಕಿನಲ್ಲಿ ಹಬೆಯಾಡುವ ನೀರು ತಂದಿಟ್ಟರೆ ಅಲ್ಲಿ ಗಿರಾಕಿಯ ಗುರುತಿದೆ ಎಂದಾಯಿತು. ಬಾತ್‌ರೂಮ್ ಗೀಸರಿನ ಉಗುರುಬೆಚ್ಚಗಿನ ನೀರು ತಂದರೆ ಅದೂ ಒಂದು ಉತ್ತರವೇ.

ಹೊಟ್ಟೆ ಕೆಟ್ಟ ವಿಷಯಕ್ಕೆ ಬರೋಣ. ಕಬಾಬ್ ಕೆಂಪಗೆ ಹೊಳೆಯುತ್ತಿತ್ತೇ? ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ, ಕಬಾಬ್‌ಗೆ ಹಾಕುವುದನ್ನು ಅದೇ ವರ್ಷ ಜೂನ್‌ನಲ್ಲಿ ನಿಷೇಧಿಸಿದೆ. ಮೆಣಸಿನಪುಡಿಯ ಕೆಂಪು ಎಣ್ಣೆಯಲ್ಲಿ ಕರಿದ ಮೇಲೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಅಲ್ಲಲ್ಲಿ ಕಂದು. ಕರಿದ ಮೇಲೂ ಕುಂಕುಮದ ಹಾಗೆ ಕೆಂಪಗಿದ್ದು, ಈರುಳ್ಳಿಗೆ ಹಿಂಡಿದ ಲಿಂಬೆರಸದಲ್ಲಿ ಬಣ್ಣ ಬಿಟ್ಟು, ಟಿಶ್ಯೂ ಪೇಪರಿಗೆ ಗುಲಾಬಿ ಕಲೆಯಾದರೆ ಅದು ಬಣ್ಣದ ಪುಡಿ. ಎರಡನೆಯದು ಎಣ್ಣೆ, ಅಂದರೆ ಕರಿಯುವ ಎಣ್ಣೆ. ದಿನಗಟ್ಟಲೆ ಕಾಯಿಸಿದ ಎಣ್ಣೆ ಕಪ್ಪಾಗಿ ಮಂದವಾಗುತ್ತದೆ, ಕಬಾಬ್ ಹಾಕಿದೊಡನೆ ನೊರೆ ಕಟ್ಟುತ್ತದೆ, ತಿಂದವರಿಗೆ ಗಂಟಲು ಕೆರೆದು ಎದೆ ಉರಿಯುತ್ತದೆ. ಮೇಲ್ಪದರ ಕಪ್ಪಾಗಿ ಮೂಳೆ ಹತ್ತಿರ ಮಾಂಸ ಗುಲಾಬಿಯಾಗಿಯೇ ಉಳಿದಿದ್ದರೆ ಎಣ್ಣೆ ಹಳೆಯದು, ಉರಿ ಜೋರು, ಅಡುಗೆಯವನಿಗೆ ಅವಸರ.

ಇಲ್ಲಿಯೂ ಓಡುವ ಮಾಲಿನ ಲೆಕ್ಕವೇ. ನಮ್ಮ ಕಡೆ ಸೋಮವಾರ, ಶನಿವಾರ ಮಾಂಸ ಮುಟ್ಟದವರು ಬಹಳ. ಶ್ರಾವಣದಲ್ಲಂತೂ ತಿಂಗಳಿಡೀ ಬಿಟ್ಟವರಿದ್ದಾರೆ. ಭಾನುವಾರಕ್ಕೆಂದು ಮಸಾಲೆ ಹಚ್ಚಿಟ್ಟ ಕೋಳಿ ಮಿಕ್ಕರೆ ಸೋಮವಾರ ರಾತ್ರಿ ನಿಮ್ಮ ತಟ್ಟೆಗೆ ಬರುತ್ತದೆ, ಅದೂ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡಿದ ಫ್ರಿಜ್‌ನಿಂದ. ಅಂಥ ದಿನ ಆಮ್ಲೆಟ್, ಬೇಯಿಸಿದ ಶೇಂಗಾ, ಮಸಾಲ ಪಾಪಡ್ ಸಾಕು. ಪಾಪಡ್ ಮೆತ್ತಗಾಗಿದ್ದರೆ, ಕಾಂಗ್ರೆಸ್ ಕಡಲೆ ಮುಗ್ಗಿದ್ದರೆ ಮುಚ್ಚಳ ಹಾಕಿಡುವಷ್ಟು ಶಿಸ್ತೂ ಆ ಅಡುಗೆಮನೆಯಲ್ಲಿಲ್ಲ. ಅಲ್ಲಿ ಮಾಂಸದ ತಂಟೆಗೆ ಹೋಗಬೇಡಿ. ವಾರಕ್ಕೊಮ್ಮೆ ಸೇರುವವರು ನೀವು; ಬುಧವಾರವೋ ಶುಕ್ರವಾರವೋ ಇಟ್ಟುಕೊಂಡರೆ ಜಾಗವೂ ಸಿಗುತ್ತದೆ, ಕೋಳಿಯೂ ಅಂದಿನದೇ ಸಿಗುವ ಸಾಧ್ಯತೆ ಹೆಚ್ಚು.

ಮೀನಿನ ಗೆಳೆಯನಿಗೆ ಮುಖ್ಯ ತಿಂಗಳುಗಳು ಜೂನ್, ಜುಲೈ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಘಟ್ಟದ ಮೇಲಿನ ನಮಗೆ ಮಲ್ಪೆ, ಭಟ್ಕಳದ ಕಡೆಯಿಂದ ಬರುವ ತಾಜಾ ಮೀನು ಆಗ ತೀರಾ ಕಡಿಮೆ. ಆ ಎರಡು ತಿಂಗಳು ‘ಫ್ರೆಶ್ ಅಂಜಲ್’ ಅಂದರೆ ಬಹುಪಾಲು ಕೋಲ್ಡ್ ಸ್ಟೋರೇಜಿನದು ಎಂದುಕೊಳ್ಳಿ. ತಪ್ಪೇನಿಲ್ಲ, ಆದರೆ ತಾಜಾ ಮೀನಿನ ರೇಟು ಕೊಡಬೇಡಿ. ಬದಲಿಗೆ ಕೆರೆ, ಹೊಳೆ, ಡ್ಯಾಮಿನ ಕಾಟ್ಲಾ, ರೋಹು ಇದೆಯೇ ಕೇಳಿ. ‘ಇವತ್ತು ಯಾವ ಮೀನು ಬಂದಿದೆ?’ ಅನ್ನುವ ಪ್ರಶ್ನೆಗೆ ಎರಡೇ ಹೆಸರು ಹೇಳಿ, ಮೂರನೆಯದು ಇಲ್ಲ ಅನ್ನುವ ಸಪ್ಲೈಯರ್‌ನ ಮಾತು ನಂಬಬಹುದು. ಆರ್ಡರ್ ಮಾಡುವಾಗ ತವಾ ಫ್ರೈ ಕೇಳಿ. ದಪ್ಪ ರವೆಯ ಕೋಟು ಹಾಕಿ ಕರಿದರೆ ಮೀನಿನ ದೋಷವೆಲ್ಲ ಮುಚ್ಚಿಹೋಗುತ್ತದೆ. ತವಾದಲ್ಲಿ ಹಾಗಲ್ಲ, ಬಂಗುಡೆಯ ಹೊಟ್ಟೆ ಒಡೆದು ಮಾಂಸ ಹಿಟ್ಟಿನಂತೆ ಉದುರಿದರೆ ಹಳೆಯದು, ಪದರ ಪದರವಾಗಿ ಬಿಟ್ಟುಕೊಂಡರೆ ಸರಿ.

ಬಂಗುಡೆ, ಭೂತಾಯಿಗಳ ಬಗ್ಗೆ ಇನ್ನೊಂದು ಎಚ್ಚರ. ಹಿಡಿದ ಮೇಲೆ ಸರಿಯಾಗಿ ಐಸ್‌ನಲ್ಲಿಡದಿದ್ದರೆ ಇವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ಕೊಡುವ ಅಂಶ ಹುಟ್ಟುತ್ತದೆ. ಎಷ್ಟು ಹುರಿದರೂ ಅದು ಹೋಗುವುದಿಲ್ಲ. ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುವುದು, ನಾಲಿಗೆ ಚುರುಚುರು, ತಲೆನೋವು, ಮೈಮೇಲೆ ದದ್ದು, ಭೇದಿ. ‘ಎಣ್ಣೆ ಆಗಿಬರಲಿಲ್ಲ’ ಅಂದುಕೊಂಡು ಮನೆಗೆ ಹೋಗುವವರಲ್ಲಿ ಕೆಲವರಿಗೆ ಆಗಿರುವುದು ಇದೇ. ಉಸಿರು ಕಟ್ಟಿದ ಹಾಗಾದರೆ ನೇರ ಆಸ್ಪತ್ರೆಗೆ ಹೋಗಬೇಕು.

ಹೊಸ ಪಬ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆರ್ಡರ್ ತೆಗೆದುಕೊಳ್ಳಲು ಸಪ್ಲೈಯರ್ ನಿಮ್ಮ ಕಿವಿಗೆ ಬಾಯಿ ಇಡಬೇಕಾದಷ್ಟು ಸೌಂಡ್ ಇದ್ದರೆ ಬಿಲ್‌ನಲ್ಲಿ ಕೇಳದ ಐಟಂ ಸೇರುವುದು ಖಂಡಿತ. ಕಾಕ್‌ಟೇಲ್‌ಗೆ ತಾಜಾ ಲಿಂಬೆ ಹಿಂಡದೆ ಬಾಟಲಿಯ ಸಿರಪ್ ಸುರಿಯುತ್ತಿದ್ದರೆ ಬೇಡ. ಗ್ಲಾಸ್ ಲೆಕ್ಕದ ವೈನ್ ಕೂಡ ಬೇಡ; ಬಿಚ್ಚಿದ ಕೆಂಪು ವೈನ್ ಮೂರರಿಂದ ಐದು ದಿನ ತಡೆದುಕೊಳ್ಳುತ್ತದೆ, ನಮ್ಮೂರಲ್ಲಿ ಅಷ್ಟರಲ್ಲಿ ಬಾಟಲಿ ಖಾಲಿಯಾಗುವ ಕಡೆ ಕಡಿಮೆ. ಬೇಸ್‌ಮೆಂಟಿನಲ್ಲಿದ್ದರೆ ಮೆಟ್ಟಿಲು ಇಳಿಯುವಾಗಲೇ ಮೂಗಿಗೆ ಕೆಲಸ ಕೊಡಿ: ಮಳೆಗಾಲದಲ್ಲಿ ಕಾರ್ಪೆಟ್, ಸೋಫಾ ಬೂಸಲು ಹಿಡಿದಿದ್ದರೆ ಅಲ್ಲೇ ತಿಳಿಯುತ್ತದೆ. ಹೊರಬರಲು ಎರಡನೇ ದಾರಿ ಇದೆಯೇ, ಆ ಬಾಗಿಲಿಗೆ ಬಿಯರ್ ಕ್ರೇಟ್ ಒತ್ತರಿಸಿಟ್ಟಿದ್ದಾರೆಯೇ ಅಂತಲೂ ನೋಡಿ. ಕೂತ ಕೂಡಲೇ, ಆರ್ಡರ್ ಮಾಡುವ ಮುಂಚೆ, ಒಬ್ಬರು ಟಾಯ್ಲೆಟ್‌ಗೆ ಹೋಗಿ ಬನ್ನಿ. ಕೈ ತೊಳೆಯಲು ಸೋಪಿಲ್ಲದ ಕಡೆ ಅಡುಗೆಯವನೂ ಸೋಪಿಲ್ಲದೆಯೇ ಕೈ ತೊಳೆದಿರುತ್ತಾನೆ.

ಕುಡಿಯದ ಗೆಳೆಯನನ್ನು ಕರೆದೊಯ್ಯುತ್ತೀರಿ, ಅದು ಒಳ್ಳೆಯ ಪರೀಕ್ಷೆ. ಫ್ರೆಶ್ ಲೈಮ್ ಸೋಡಾ ಕೇಳಿದವನ ಕಡೆ ತಿರುಗಿಯೂ ನೋಡದ ಬಾರ್‌ಗಳಿವೆ. ಊಟವನ್ನು ಗಂಭೀರವಾಗಿ ಮಾಡುವ ಕಡೆ ಅವನೂ ಗಿರಾಕಿಯೇ. ಮೀಲ್ಸ್ ಇಲ್ಲದಿದ್ದರೂ ಬಿಸಿ ಅನ್ನ, ಸಾರು ಸಿಗುತ್ತದೆ.

ದೂರು ಕೊಡುವುದಾದರೆ ಬಿಲ್ ಇಟ್ಟುಕೊಳ್ಳಿ. ಬಿಲ್, ಸರ್ವೀಸ್ ಚಾರ್ಜ್ ತಕರಾರಿಗೆ ಗ್ರಾಹಕರ ಸಹಾಯವಾಣಿ 1915. ಅಳತೆಗೆ ಕಾನೂನು ಮಾಪನ ಇಲಾಖೆ, ಬಾಟಲಿಯ ಲೇಬಲ್ ಅನುಮಾನಕ್ಕೆ ಅಬಕಾರಿ ಕಚೇರಿ, ತಿಂಡಿಗೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿ. ಗಣಪತಿ ವಿಸರ್ಜನೆ, ಚುನಾವಣೆ ಹೊತ್ತಿನಲ್ಲಿ ಜಿಲ್ಲಾಡಳಿತ ಮದ್ಯ ಮಾರಾಟ ನಿಲ್ಲಿಸುವುದುಂಟು. ಆ ದಿನ ಹಿಂಬಾಗಿಲಲ್ಲಿ ಎರಡು ಪಟ್ಟು ರೇಟಿಗೆ ಕೊಡುವವನಿಂದ ಕೊಂಡದ್ದಕ್ಕೆ ಬಿಲ್ಲೂ ಇಲ್ಲ, ದೂರೂ ಇಲ್ಲ.

ಇನ್ನು ಬಿಯರ್ ಗೆಳೆಯ ‘ನಾನು ಬಿಯರ್ ಅಷ್ಟೇ ಕುಡಿದದ್ದು, ಗಾಡಿ ನಾನೇ ಓಡಿಸ್ತೀನಿ’ ಅಂದರೆ ಈ ಲೆಕ್ಕ ತೋರಿಸಿ. 650 ಎಂ.ಎಲ್. ಸ್ಟ್ರಾಂಗ್ ಬಿಯರ್‌ನಲ್ಲಿ 8 ಪರ್ಸೆಂಟ್ ಇದ್ದರೆ ಆಲ್ಕೋಹಾಲ್ 52 ಎಂ.ಎಲ್. ನಮ್ಮ ವಿಸ್ಕಿ 42.8 ಪರ್ಸೆಂಟ್, ಒಂದು ಲಾರ್ಜ್‌ನಲ್ಲಿ ಸುಮಾರು 26 ಎಂ.ಎಲ್. ಅಂದರೆ ಒಂದು ಸ್ಟ್ರಾಂಗ್ ಬಾಟಲಿ ಎರಡು ಲಾರ್ಜ್‌ಗೆ ಸಮ. ದೇಹ ಗಂಟೆಗೆ ಹೆಚ್ಚುಕಡಿಮೆ 10 ಎಂ.ಎಲ್. ಕರಗಿಸುತ್ತದೆ, ಮಜ್ಜಿಗೆ ಕುಡಿದರೂ ಮುಖ ತೊಳೆದರೂ ಆ ವೇಗ ಹೆಚ್ಚುವುದಿಲ್ಲ. ಹಾಗಾಗಿ ಒಂದು ಬಾಟಲಿಗೆ ಐದು ಗಂಟೆ. ಕಾನೂನಿನ ಮಿತಿ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ, ಖಾಲಿ ಹೊಟ್ಟೆಯಲ್ಲಿ ಒಂದು ಲಾರ್ಜೇ ಅದನ್ನು ದಾಟಿಸಬಲ್ಲದು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ತೀರ್ಥಹಳ್ಳಿ ಕಡೆಯ ದಾರಿಯಲ್ಲಂತೂ ಮಂಡಗದ್ದೆ ಆಸುಪಾಸು ಕಾಡು, ತಿರುವು, ರಾತ್ರಿ ಎದುರಾಗುವ ದನ, ಕಾಡುಪ್ರಾಣಿ. ಕೀಲಿಯನ್ನು ಲೈಮ್ ಸೋಡಾದವನ ಕೈಗೆ ಕೊಡಿ, ಅವತ್ತಿನ ಅವನ ಪಾಲಿನ ಬಿಲ್ ಉಳಿದ ಮೂವರು ಹಂಚಿಕೊಳ್ಳಿ.